ಶಿರಸಿಯಲ್ಲಿ ಮಾಡಿಸಿದ ಕೋಆ ಗಿಟಾರ್, ಒಂದು ಮಳೆಗಾಲ ಕಳೆದ ಮೇಲೆ

ಕಾರವಾರದಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಾಪಾಡಿಕೊಳ್ಳುವುದು ಸುಲಭ ಅಲ್ಲ. ಕಡಲ ಉಪ್ಪುಗಾಳಿ ತಂತಿ, ಸ್ಕ್ರೂ, ತಂತಿಯ ಕೆಳತುದಿ ಕೂರುವ ಬ್ರಿಡ್ಜ್ ಎಲ್ಲವನ್ನೂ ತಿನ್ನುತ್ತದೆ. ಜೂನ್ ಬಂತೆಂದರೆ ತೇವ ಮರದೊಳಗೆ ಇಳಿಯುತ್ತದೆ, ನೆಕ್, ಅಂದರೆ ಎಡಗೈ ಓಡಾಡುವ ಉದ್ದ ಹಿಡಿ, ಬಗ್ಗುತ್ತದೆ, ನಿನ್ನೆ ಸರಿಯಿದ್ದ ಶ್ರುತಿ ಇವತ್ತು ಇರುವುದಿಲ್ಲ. ಅಂಗಡಿಯಲ್ಲಿ ಸಿಗುವ ಗಿಟಾರ್‌ಗಳು ಒಣ ಹವೆಯ ಫ್ಯಾಕ್ಟರಿಗಳಲ್ಲಿ ತಯಾರಾಗಿ ಬಂದವು. ಅವುಗಳ ತಪ್ಪಲ್ಲ ಬಿಡಿ. ಆದರೆ ನಮ್ಮ ಕೆಲಸ ನಡೆಯಬೇಕಲ್ವಾ?

ಹಗಲು ನಾನು ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆಯ ಮೇಲೆ ಮದುವೆ ರಿಸೆಪ್ಷನ್, ಚೌತಿ, ಜಾತ್ರೆಗಳ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುತ್ತೇನೆ. ನನಗೆ ಬೇಕಾಗಿದ್ದುದು ಇಲ್ಲಿನ ಹವೆ ತಡೆದುಕೊಳ್ಳುವ ಒಂದು ಗಿಟಾರ್. ಜೊತೆಗೆ ತುಂಬಾ ದಿನಗಳ ಒಂದು ಆಸೆ ಇತ್ತು: ಮುಂಭಾಗಕ್ಕೆ ಅಲೆ ಅಲೆ ಎಳೆಯಿರುವ, ಹವಾಯಿಯ ಕೋಆ ಮರ ಹಾಕಿಸಬೇಕು ಅಂತ. ಎರಡನ್ನೂ ಶಿರಸಿಯ ಒಬ್ಬ ಆಚಾರ್ರು ಮಾಡಿಕೊಟ್ಟರು. ಗಿಟಾರ್ ಕೈಗೆ ಬಂದು ಒಂದು ಪೂರ್ತಿ ಮಳೆಗಾಲ ಕಳೆದಿದೆ. ಇಂಥದ್ದರ ಬಗ್ಗೆ ಮಳೆಗಾಲ ನೋಡದೆ ಬರೆಯಬಾರದು ಅಂತ ಸುಮ್ಮನಿದ್ದೆ.

ಹುಲೇಕಲ್ ರಸ್ತೆಯಲ್ಲಿ ಪೇಟೆ ದಾಟಿದ ಮೇಲೆ ಅವರ ಮನೆ. ಮನೆಯ ಹಿಂದೆ ಹೆಂಚಿನ ಮಾಡಿನ ಉದ್ದನೆಯ ಶೆಡ್. ಬೋರ್ಡ್ ಇಲ್ಲ. ಹೆಸರು, ಫೋನ್ ನಂಬರ್ ಹಾಕಬೇಡಿ, ಈಗ ಹಿಡಿದ ಕೆಲಸವೇ ಮುಗಿಯುತ್ತಿಲ್ಲ ಎಂದು ಅವರೇ ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಆ ರಸ್ತೆಯಲ್ಲಿ ಗಿಟಾರ್ ಮಾಡುವ ಆಚಾರ್ರು ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅವರ ಅಪ್ಪ ದೇವಸ್ಥಾನದ ಬಾಗಿಲು, ಮಂಟಪ ಮಾಡುತ್ತಿದ್ದವರು. ಇವರು ಮೊದಲು ವೀಣೆ, ತಂಬೂರಿ ರಿಪೇರಿ ಮಾಡಿ, ಆಮೇಲೆ ಗಿಟಾರ್‌ಗೆ ಬಂದವರು. ಮರದ ಕೆಲಸ ಶಿರಸಿಗೆ ಹೊಸತಲ್ಲ. ಮಾರಿಕಾಂಬೆಯ ಮೂರ್ತಿಯೇ ಮರದ್ದು. ಗುಡಿಗಾರರ ಗಂಧದ ಕೆತ್ತನೆಯನ್ನು ನೋಡುತ್ತಾ ಬೆಳೆದ ಊರು ಅದು.

ನಾನು ಮೊದಲು ಹೊಗಳಬೇಕಾದ್ದು ಅವರ ಉಳಿಯನ್ನಲ್ಲ, ಅವರ ಒಣಗಿಸುವ ಕೋಣೆಯನ್ನು. ಶೆಡ್ಡಿನ ಒಂದು ಮೂಲೆಗೆ ಪ್ಲೈವುಡ್ ಗೋಡೆ ಕಟ್ಟಿ, ಸಂದಿಗಳನ್ನೆಲ್ಲ ರಬ್ಬರ್ ಪಟ್ಟಿಯಿಂದ ಮುಚ್ಚಿ, ಒಳಗೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟಿದ್ದಾರೆ. ಗೋಡೆಯ ಮೇಲಿನ ಮೀಟರ್ ನೋಡಿದಾಗ ಗಾಳಿಯ ತೇವಾಂಶ ನೂರಕ್ಕೆ 50ರ ಆಸುಪಾಸು ಇತ್ತು. ಹೊರಗೆ ಮಳೆ ಸುರಿಯುತ್ತಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಅದು 90ರ ಹತ್ತಿರ ಹೋಗುತ್ತದೆ. ಅಂಥ ಗಾಳಿಯಲ್ಲಿ ಬಿಟ್ಟ ಮರ ತಾನಾಗಿ ನೀರು ಹೀರಿಕೊಂಡು, ತೂಕದಲ್ಲಿ ನೂರಕ್ಕೆ 18-20 ಪಾಲಿನಷ್ಟು ತೇವ ಹಿಡಿದು ನಿಲ್ಲುತ್ತದೆ. 50ರ ಗಾಳಿಯಲ್ಲಿಟ್ಟರೆ 9ಕ್ಕೆ ಇಳಿಯುತ್ತದೆ. ವಾದ್ಯಕ್ಕೆ ಬೇಕಾದ್ದು ಈ 9. ತೇವದ ಮರದಲ್ಲಿ ಗಿಟಾರ್ ಮಾಡಿದರೆ ಡಿಸೆಂಬರ್, ಜನವರಿಯ ಒಣ ಗಾಳಿಗೆ ಅದು ಕುಗ್ಗುತ್ತದೆ, ಜೋಡಣೆ ಬಿಡುತ್ತದೆ, ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ, ತುದಿಗಳು ಹೊರಗೆ ಚಾಚಿ ಕೈಗೆ ಚುಚ್ಚುತ್ತವೆ.

ಆಚಾರ್ರು ಯಾವ ಹಲಗೆಯನ್ನೂ ಕಣ್ಣಂದಾಜಿನಲ್ಲಿ ಒಪ್ಪುವುದಿಲ್ಲ. ಎರಡು ಮೊಳೆಗಳಿರುವ ಸಣ್ಣ ಮೀಟರನ್ನು ಮರಕ್ಕೆ ಚುಚ್ಚಿ ಅಂಕಿ ನೋಡುತ್ತಾರೆ. ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು, ತೇವ, ತೂಕ ಬರೆದಿಡುತ್ತಾರೆ. ವಾರಗಟ್ಟಲೆ ತೂಕ ಬದಲಾಗದೆ ನಿಂತ ಮೇಲೇ ಗರಗಸ ಮುಟ್ಟಿಸುವುದು. "ಮರಕ್ಕೆ ನಾವು ಅವಸರ ಮಾಡಿದ್ರೆ, ಆಮೇಲೆ ಅದು ನಮ್ಗೆ ಅವಸರ ಮಾಡ್ತದೆ ಮಾರಾಯ್ರೆ" ಎಂದರು. ನನ್ನ ಹಲಗೆಗಳು ಆ ಕೋಣೆಯಲ್ಲಿ ಒಂದು ಬೇಸಿಗೆ ಪೂರ್ತಿ ಕೂತವು.

ಈಗ ಕೋಆ ವಿಷಯ. ಇದು ಹವಾಯಿ ದ್ವೀಪಗಳಲ್ಲಿ ಮಾತ್ರ ಹುಟ್ಟುವ ಮರ. ಸಸ್ಯಶಾಸ್ತ್ರದ ಹೆಸರು ಅಕೇಶಿಯಾ ಕೋಆ. ಹೌದು, ಕಾರವಾರದಿಂದ ಭಟ್ಕಳದವರೆಗೆ ಗುಡ್ಡದ ಮೇಲೆಲ್ಲ ಅರಣ್ಯ ಇಲಾಖೆ ನೆಟ್ಟಿದೆಯಲ್ಲ, ಅದೇ ಅಕೇಶಿಯಾದ ದಾಯಾದಿ. ಎಲೆ ನೋಡಿದರೆ ಗೊತ್ತಾಗುತ್ತದೆ, ಎರಡಕ್ಕೂ ಕುಡುಗೋಲಿನಂತೆ ಬಾಗಿದ ಎಲೆ. ಅದು ನಿಜವಾಗಿ ಎಲೆಯೂ ಅಲ್ಲ, ಅಗಲವಾಗಿ ಬೆಳೆದ ಎಲೆತೊಟ್ಟು. ಹವಾಯಿಯ ಜನ ಕೋಆ ಮರ ಕೊರೆದು ಸಮುದ್ರಕ್ಕೆ ಇಳಿಯುವ ದೋಣಿ ಮಾಡುತ್ತಿದ್ದರು, ಅಲೆಯ ಮೇಲೆ ಜಾರುವ ಹಲಗೆ ಮಾಡುತ್ತಿದ್ದರು. 1879ರಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗೆಂದು ಜನ ಹಡಗಿನಲ್ಲಿ ಹೊನಲುಲುವಿಗೆ ಬಂದರು. ಅವರಲ್ಲಿ ಮೂವರು ಮರಗೆಲಸದವರು. ತಮ್ಮೂರಿನ ಪುಟ್ಟ ತಂತಿವಾದ್ಯವನ್ನು ಅಲ್ಲಿನ ಕೋಆ ಮರದಲ್ಲಿ ಮಾಡತೊಡಗಿದರು. ಯುಕುಲೇಲಿ ಹುಟ್ಟಿದ್ದು ಹಾಗೆ.

ಎಲೆಕ್ಟ್ರಿಕ್ ಗಿಟಾರ್‌ಗೂ ಹವಾಯಿಗೂ ಹಳೆಯ ನಂಟು ಇದೆ. ಮಾರಾಟಕ್ಕೆ ಬಂದು ನೆಲೆ ನಿಂತ ಮೊದಲ ಎಲೆಕ್ಟ್ರಿಕ್ ಗಿಟಾರ್, 1932ರ ರಿಕನ್‌ಬ್ಯಾಕರ್, ತೊಡೆಯ ಮೇಲಿಟ್ಟು ಉಕ್ಕಿನ ಸರಳು ಜಾರಿಸಿ ನುಡಿಸುವ ಹವಾಯಿ ಗಿಟಾರೇ ಆಗಿತ್ತು. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ನಮ್ಮ ಸಂಗೀತದ ಜೀವ ಆದ್ದರಿಂದಲೋ ಏನೋ, ಆ ಜಾರು ಗಿಟಾರ್ ಭಾರತಕ್ಕೂ ಬಂದು ಬೇರು ಬಿಟ್ಟಿತು. ವಿಶ್ವಮೋಹನ ಭಟ್ಟರು ಅದನ್ನೇ ತಿದ್ದಿ ಮೋಹನ ವೀಣೆ ಮಾಡಿ 1994ರಲ್ಲಿ ಗ್ರ್ಯಾಮಿ ತಂದರು. ನನ್ನ ಆಸೆಗೆ ಇದೆಲ್ಲ ಕಾರಣ. ಬರೀ ಚಂದಕ್ಕೆ ಅಂತ ಕೇಳಿದ್ದಲ್ಲ.

ಚಂದವೂ ಇದೆ, ಇಲ್ಲ ಅನ್ನಲ್ಲ. ಕೋಆ ಚೇಗಿನ (ಮರದ ನಡುವಿನ ಗಟ್ಟಿ ಭಾಗದ) ಬಣ್ಣ ಹೊಂಬಣ್ಣದಿಂದ ಕೆಂಪು ಕಂದಿನವರೆಗೆ, ನಡುನಡುವೆ ಕಪ್ಪು ಗೆರೆ. ಎಲ್ಲ ಮರದಲ್ಲೂ ಅಲೆ ಇರುವುದಿಲ್ಲ, ಕೆಲವೇ ಮರಗಳಲ್ಲಿ ಎಳೆಗಳು ನೇರ ಹೋಗದೆ ಮೇಲೆ ಕೆಳಗೆ ತೂಗುತ್ತಾ ಬೆಳೆದಿರುತ್ತವೆ. ಅದನ್ನು ಸೀಳಿ ನಯ ಮಾಡಿದರೆ ಒಂದು ಪಟ್ಟಿಯಲ್ಲಿ ಎಳೆಯ ಬದಿ ಕಾಣುತ್ತದೆ, ಪಕ್ಕದ್ದರಲ್ಲಿ ಎಳೆಯ ಕಡಿದ ತುದಿ ಕಾಣುತ್ತದೆ. ಬದಿ ಬೆಳಕನ್ನು ವಾಪಸ್ ಕೊಡುತ್ತದೆ, ತುದಿ ನುಂಗುತ್ತದೆ. ಗಿಟಾರ್ ಸ್ವಲ್ಪ ವಾಲಿಸಿದರೆ ಹೊಳೆಯುತ್ತಿದ್ದ ಪಟ್ಟಿ ಕಪ್ಪಾಗುತ್ತದೆ, ಕಪ್ಪು ಪಟ್ಟಿ ಹೊಳೆಯುತ್ತದೆ. ಕೈಯಲ್ಲಿ ಮುಟ್ಟಿದರೆ ಕನ್ನಡಿಯ ಹಾಗೆ ಸಪಾಟು, ಕಣ್ಣಿಗೆ ಮಾತ್ರ ಏರಿಳಿತ. ವೇದಿಕೆಯ ದೀಪ ಬದಲಾದಾಗಲೆಲ್ಲ ಇದು ನಡೆಯುತ್ತಿರುತ್ತದೆ. ಮುಂದಿನ ಸಾಲಿನ ಮಕ್ಕಳು ಹಾಡು ಬಿಟ್ಟು ಗಿಟಾರ್ ನೋಡುತ್ತಾರೆ.

ಬೆಲೆ ಜಾಸ್ತಿ ಯಾಕೆ ಅಂದರೆ, ಮರವೇ ಕಡಿಮೆ. 1793ರಲ್ಲಿ ಇಂಗ್ಲಿಷ್ ನಾವಿಕ ವ್ಯಾಂಕೂವರ್ ಹವಾಯಿಯ ದೊರೆಗೆ ದನಗಳನ್ನು ಕಾಣಿಕೆ ಕೊಟ್ಟ. ಅವು ಕಾಡು ಸೇರಿ ಹೆಚ್ಚಿದವು, ಎಳೆಯ ಕೋಆ ಸಸಿಗಳನ್ನು ಮೇಯ್ದವು. ಆಮೇಲೆ ಕಾಡು ಕಡಿದು ಹುಲ್ಲುಗಾವಲು ಮಾಡಿದರು. ಈಗ ವಾದ್ಯಕ್ಕೆ ಬರುವ ಕೋಆದಲ್ಲಿ ಬಹಳಷ್ಟು ಒಣಗಿ ನಿಂತ, ಬಿದ್ದ ಹಳೆಯ ಮರಗಳದ್ದು. ನನ್ನ ಜೋಡಿ ಹಲಗೆಗಳನ್ನು ಆಚಾರ್ರೇ ತರಿಸಿದರು. ಜೊತೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇತ್ತು. ಹೊರದೇಶದಿಂದ ಮರ ತರಿಸುವಾಗ ಆ ಕಾಗದ ಇಲ್ಲದಿದ್ದರೆ ಪಾರ್ಸೆಲ್ ಅಲ್ಲೇ ನಿಲ್ಲುತ್ತದೆ, ನೆನಪಿರಲಿ.

"ಆಚಾರ್ರೇ, ನಮ್ಮ ಗುಡ್ಡದ ಅಕೇಶಿಯಾನೇ ಹಾಕಿದ್ರೆ ಆಗೂದಿಲ್ವಾ?" ಎಂದು ನಾನು ಕೇಳಿದ್ದೆ. ಅವರು ನಗಲಿಲ್ಲ. ಮೂಲೆಯಿಂದ ಒಂದು ತುಂಡು ತಂದು ತೋರಿಸಿದರು. ಬಣ್ಣ ಚೆನ್ನಾಗಿತ್ತು, ಆದರೆ ತುದಿಯಿಂದ ಮಧ್ಯದವರೆಗೆ ಸೀಳು. "ಎಳೇ ಮರ ಕಡೀತಾರೆ, ಒಣಗುವಾಗ ಹೀಗೆ ಒಡೀತದೆ. ದಪ್ಪ ಚೇಗಿನ ಹಳೇ ಮರ ಸಿಕ್ರೆ ತನ್ನಿ, ಅದ್ರಲ್ಲೂ ಮಾಡ್ತೇನೆ" ಎಂದರು. ಹಳೆಯ ಅಕೇಶಿಯಾ ಗಿಟಾರ್ ಒಂದನ್ನು ಯಾರಾದರೂ ಅವರಿಂದ ಮಾಡಿಸಬೇಕು ಅಂತ ನನಗೆ ನಿಜಕ್ಕೂ ಆಸೆ ಇದೆ.

ಕೋಆ ಇರುವುದು ಮೇಲಿನ 6 ಮಿಲಿಮೀಟರ್ ಮಾತ್ರ. ಅದರ ಕೆಳಗಿನ ಬಾಡಿ ಹಲಸಿನದು. ಸಿದ್ದಾಪುರದ ಕಡೆ ಒಂದು ಹಳೆಯ ಮನೆ ಬಿಚ್ಚಿದಾಗ ಸಿಕ್ಕ ತೊಲೆ ಅದು. ಇಲ್ಲಿ ನನಗೂ ಅವರಿಗೂ ಸ್ವಲ್ಪ ವಾದ ನಡೆಯಿತು. ನಾನು ಮಹಾಗನಿ ಕೇಳಿದ್ದೆ, ಕೋಆ ಮುಖಕ್ಕೆ ಅದೇ ರೂಢಿ. ಅವರು ಹಲಸನ್ನೇ ಹಿಡಿದು ಕೂತರು. ಮೃದಂಗದ ಕಟ್ಟೆ, ವೀಣೆಯ ಕೊಡ ಹಲಸಿನಲ್ಲೇ ಮಾಡುವುದು, ನಾದದ ಬಗ್ಗೆ ಅನುಮಾನ ಬೇಡ, ಮಾಡಿನ ಕೆಳಗೆ ಇಷ್ಟು ವರ್ಷ ಇದ್ದ ಮರ ಇನ್ನು ಅಲುಗಾಡುವುದಿಲ್ಲ ಎಂದರು. ಈಗ ನೋಡಿದರೆ ಅವರ ಮಾತೇ ಸರಿ. ಬದಿಯಿಂದ ನೋಡಿದರೆ ಮೇಲೆ ಕೆಂಪು ಕೋಆ, ಕೆಳಗೆ ಕಾಲ ಕಳೆದು ಜೇನಿನ ಬಣ್ಣಕ್ಕೆ ತಿರುಗಿದ ಹಲಸು. ಎರಡರ ಎಳೆಯೂ ಒಂದೇ ದಿಕ್ಕಿಗೆ ಬರುವಂತೆ ಅಂಟಿಸಿದ್ದಾರೆ. ಹಿಗ್ಗಿದರೂ ಕುಗ್ಗಿದರೂ ಒಟ್ಟಿಗೆ ಆಗಲಿ ಅಂತ.

ಕೋಆ ಹಲಗೆ ಎರಡು ಹೋಳು. ಒಂದೇ ಹಲಗೆಯನ್ನು ದಪ್ಪದಲ್ಲಿ ಸೀಳಿ, ಪುಸ್ತಕ ಬಿಚ್ಚಿದಂತೆ ಬಿಚ್ಚಿ, ನಡುವೆ ಕೂಡಿಸುತ್ತಾರೆ. ಆಗ ಎಡದ ಅಲೆಗೆ ಬಲದ ಅಲೆ ಸರಿಯಾಗಿ ಎದುರಾಗುತ್ತದೆ. ಆ ಕೂಡಿಸುವ ಕೆಲಸವನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಎರಡೂ ಅಂಚನ್ನು ಒಟ್ಟಿಗೆ ಹಿಡಿದು ಉದ್ದನೆಯ ಕೀಸುಳಿಯಲ್ಲಿ ಒಂದೇ ಎಳೆತಕ್ಕೆ ಕೀಸಿದರು. ಹೊರಬಂದ ಸಿಪ್ಪೆ ಅಷ್ಟೂ ಉದ್ದಕ್ಕೆ ತುಂಡಾಗದೆ ಬಂತು. ಆಮೇಲೆ ಎರಡು ಹೋಳನ್ನು ಅಂಟಿಲ್ಲದೆ ಒಂದರ ಮೇಲೊಂದು ನಿಲ್ಲಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಒಂದು ಕಡೆ ಕೂದಲಿನಷ್ಟು ಬೆಳಕು ಸೋರಿತು. ನನ್ನ ಕಣ್ಣಿಗೆ ಅದು ಕಾಣಲೇ ಇಲ್ಲ, ಅವರು ಬೆರಳು ಇಟ್ಟು ತೋರಿಸಿದ ಮೇಲೆ ಕಂಡಿತು. ಮತ್ತೆ ಕೀಸಿದರು, ಮತ್ತೆ ಎತ್ತಿ ಹಿಡಿದರು. ಬೆಳಕು ಪೂರ್ತಿ ನಿಂತ ಮೇಲೇ ಅಂಟು ತೆಗೆದುಕೊಂಡದ್ದು. ಈಗ ಗಿಟಾರಿನಲ್ಲಿ ಆ ಗೆರೆ ಎಲ್ಲಿದೆ ಎಂದು ಹುಡುಕಬೇಕಾದರೆ ಅಲೆಗಳು ಎಲ್ಲಿ ತಿರುಗಿವೆ ಎಂದು ನೋಡಬೇಕು. ಅಂಟಿನ ಗೆರೆ ಅಂತ ಬೇರೆ ಕಾಣುವುದಿಲ್ಲ.

ಮುಖ ನಯ ಮಾಡುವುದು ಇನ್ನೂ ಕಷ್ಟದ ಕೆಲಸ. ಎಳೆ ಏರಿಳಿಯುವ ಮರದಲ್ಲಿ ಕೀಸುಳಿ ಓಡಿಸಿದರೆ ಇಳಿಜಾರಿನಲ್ಲಿ ಸರಿಯಾಗಿ ಹೋಗುತ್ತದೆ, ಏರಿನಲ್ಲಿ ಎಳೆಗೆ ಎದುರಾಗಿ ಚಕ್ಕೆ ಕೀಳುತ್ತದೆ. ಚಕ್ಕೆ ಎದ್ದರೆ ಗುಂಡಿ ಬಿದ್ದಂತೆ, ಆಮೇಲೆ ಇಡೀ ಹಲಗೆಯನ್ನು ಅಷ್ಟು ಆಳಕ್ಕೆ ಇಳಿಸಬೇಕು. ಅದಕ್ಕೇ ಅವರು ಕೊನೆಯ ಹಂತಕ್ಕೆ ಕೀಸುಳಿ ಬಿಟ್ಟು, ಉಕ್ಕಿನ ತೆಳು ತಗಡನ್ನು ಹೆಬ್ಬೆರಳಿನಲ್ಲಿ ಬಗ್ಗಿಸಿ ಹಿಡಿದು ಹೆರೆಯುತ್ತಾರೆ. ತಗಡು ಬಿಸಿಯಾಗಿ ಬೆರಳು ಸುಡುತ್ತದೆ, ಬಟ್ಟೆ ಸುತ್ತಿಕೊಳ್ಳುತ್ತಾರೆ. ನಡುನಡುವೆ ಸ್ಪಿರಿಟ್ ಒರೆಸಿ ಎಲ್ಲಾದರೂ ಚಕ್ಕೆ ಎದ್ದಿದೆಯಾ ಎಂದು ನೋಡುತ್ತಾರೆ. ಸ್ಪಿರಿಟ್ ಒರೆಸಿದ ಕೂಡಲೆ ಬಣ್ಣ, ಅಲೆ ಎಲ್ಲ ಒಮ್ಮೆಲೇ ಎದ್ದು ಬಂತು. ಆಮೇಲೆ ಅದು ಆರಿ ಮತ್ತೆ ಮಸುಕಾಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಗಳಿಗೆ ಅದು.

ನೆಕ್ ಮೇಪಲ್ ಮರದ್ದು, ಅದನ್ನೂ ಹೊರಗಿನಿಂದ ತರಿಸಿದ್ದು. ಫ್ರೆಟ್‌ಬೋರ್ಡ್ ನಮ್ಮದೇ ಬೀಟೆ. ದೇಶ ವಿದೇಶದ ಗಿಟಾರ್ ಕಂಪನಿಗಳು ಭಾರತದ ಬೀಟೆ ಹಾಕುತ್ತವೆ, ಇಲ್ಲಿನ ಕಾಡಿನ ಮರವನ್ನು ಇಲ್ಲೇ ಗಿಟಾರ್‌ಗೆ ಹಾಕಿದ್ದು ನೋಡಿ ಹೆಮ್ಮೆ ಆಯಿತು. 2017ರಿಂದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ನಿಯಮ ಇದೆ, 2019ರಲ್ಲಿ ತಯಾರಾದ ವಾದ್ಯಗಳಿಗೆ ಅದನ್ನು ಸಡಿಲ ಮಾಡಿದರು. ಆಚಾರ್ರ ಬಳಿ ಬೀಟೆ ಕೊಂಡ ಡಿಪೋದ ರಸೀದಿ ಇತ್ತು, ಕೇಳದೆಯೇ ತೋರಿಸಿದರು. ಬೀಟೆ ಕೊಳ್ಳುವವರು ಇದನ್ನು ಕೇಳಿ ನೋಡಲೇಬೇಕು.

ಫ್ರೆಟ್ ಲೆಕ್ಕದಲ್ಲಿ ಅವರು ಮಹಾ ಕಟ್ಟುನಿಟ್ಟು. ನನ್ನ ಗಿಟಾರಿನ ತಂತಿಯ ಉದ್ದ, ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಬ್ರಿಡ್ಜ್‌ವರೆಗೆ, 648 ಮಿಲಿಮೀಟರ್. ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತಾ ಹೋದರೆ ಒಂದೊಂದು ಫ್ರೆಟ್‌ನ ಜಾಗ ಸಿಗುತ್ತದೆ. ಮೊದಲನೆಯದು 36.4ರಲ್ಲಿ, 12ನೆಯದು ಸರಿಯಾಗಿ ಅರ್ಧಕ್ಕೆ, 324ರಲ್ಲಿ. ಅವರು ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯುತ್ತಾರೆ. ಹಿಂದಿನ ಫ್ರೆಟ್‌ನಿಂದ ಅಳೆಯುತ್ತಾ ಹೋದರೆ ಸಣ್ಣ ಸಣ್ಣ ವ್ಯತ್ಯಾಸ ಕೂಡಿ ಮೇಲಿನ ಸ್ವರ ಕೆಡುತ್ತದೆ. ನಾನು ಟ್ಯೂನರ್ ಇಟ್ಟು ಎಲ್ಲ ತಂತಿಗಳಲ್ಲೂ ನೋಡಿದ್ದೇನೆ, 12ನೇ ಫ್ರೆಟ್‌ನ ಆಚೆಗೂ ಶ್ರುತಿ ತಪ್ಪುವುದಿಲ್ಲ.

ಕಡಲ ಊರಿನವರಿಗೆ ಒಂದು ಮುಖ್ಯ ಮಾತು: ಫ್ರೆಟ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಸಾಮಾನ್ಯವಾಗಿ ಹಾಕುವ ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಇರುವುದೇ ಇಲ್ಲ, ಜಾಸ್ತಿ ಪಾಲು ತಾಮ್ರ. ನಮ್ಮ ಗಾಳಿಗೆ ಅದು ಕಿಲುಬು ಹಿಡಿಯುತ್ತದೆ, ತಂತಿ ಎಳೆದು ಬಗ್ಗಿಸಿದರೆ ಗರಗರ ಅನ್ನುತ್ತದೆ. ಸ್ಟೀಲ್ ಗಟ್ಟಿ, ಕತ್ತರಿಸಲು, ಉಜ್ಜಲು ಕಷ್ಟ, ಅರ ಬೇಗ ಸವೆಯುತ್ತದೆ. ಅದಕ್ಕೆ ಅವರು ಹೆಚ್ಚಿಗೆ ಹಣ ತೆಗೆದುಕೊಳ್ಳುತ್ತಾರೆ. ಕೊಡಿ. ಬ್ರಿಡ್ಜ್‌ನ ಸಣ್ಣ ಸ್ಕ್ರೂಗಳಿಗೂ ಅದೇ ಮಾತು. ಆಚಾರ್ರಿಗೆ ಕೋಆ ಮೇಲೆ ಬಂಗಾರದ ಬಣ್ಣದ ಬ್ರಿಡ್ಜ್, ಟ್ಯೂನರ್ ಹಾಕುವುದು ಇಷ್ಟ. ಒಪ್ಪಬೇಡಿ. ಘಟ್ಟದ ಮೇಲೆ ಅದು ಉಳಿಯಬಹುದು, ಕಾರವಾರದಲ್ಲಿ ಬೆವರಿಗೂ ಉಪ್ಪಿಗೂ ಆ ಲೇಪ ಬೇಗ ಹೋಗುತ್ತದೆ. ಶಿರಸಿಯವರಿಗೆ ಕಡಲಿನ ಕಾಟ ಅಷ್ಟು ಗೊತ್ತಿಲ್ಲ.

ಒಳಗಿನ ವೈರಿಂಗ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ತಂತಿಯ ಅಲುಗಾಟ ಹಿಡಿಯುವ ಭಾಗ ಪಿಕಪ್, ಇದರಲ್ಲಿ ಎರಡು ಹಂಬಕರ್ ಪಿಕಪ್. ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ, ಎಲೆಕ್ಟ್ರಿಕ್ ಗಿಟಾರ್ ಅಂದರೆ ಅಷ್ಟೇ. ಆದರೆ ಆ ಸುರುಳಿ ಸುತ್ತಲಿನ ವೈರುಗಳ 50 ಹರ್ಟ್ಜ್ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಹಂಬಕರ್‌ನಲ್ಲಿ ಒಂದಕ್ಕೊಂದು ಉಲ್ಟಾ ಇರುವ ಎರಡು ಸುರುಳಿ. ತಂತಿಯ ಸದ್ದು ಕೂಡುತ್ತದೆ, ಗುಂಯ್ ಕಳೆಯುತ್ತದೆ. ಜನರೇಟರ್, ಸೀರಿಯಲ್ ಲೈಟ್, ಡಿಮ್ಮರ್‌ಗಳ ನಡುವೆ ನುಡಿಸುವ ನಮ್ಮಂಥವರಿಗೆ ಬೇರೆ ದಾರಿ ಇಲ್ಲ. ಪಿಕಪ್ ಗುಂಡಿಗಳ ಒಳಗೆ ಪೂರ್ತಿ ತಾಮ್ರದ ತಗಡು ಹಚ್ಚಿ ಅರ್ಥ್ ಕೊಟ್ಟಿದ್ದಾರೆ. ಒಂದೇ ಸುರುಳಿ ಉಳಿಸುವ ಸ್ವಿಚ್ ಕೂಡ ಇದೆ. ಅದನ್ನು ಎಳೆದರೆ ಗುಂಯ್ ವಾಪಸ್ ಬರುತ್ತದೆ, ನಾನು ವೇದಿಕೆಯಲ್ಲಿ ಮುಟ್ಟುವುದಿಲ್ಲ.

ಪಾಲಿಶ್ ಅವರು ಎರಡು ಬಗೆಯಲ್ಲಿ ಮಾಡಿದ್ದಾರೆ. ಮೊದಲು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಲ್ಲಿ ತೆಳ್ಳಗೆ ಹಚ್ಚುವುದು. ಕೋಆದ ಬಿಸಿ ಬಣ್ಣ ಎದ್ದು ಬರುವುದು ಇದರಿಂದಲೇ. ಆದರೆ ಬರೀ ಅರಗು ಬಿಟ್ಟರೆ ನಮ್ಮ ತೇವಕ್ಕೆ ಬೆಳ್ಳಗೆ ಮಸುಕುತ್ತದೆ, ಬೆವರು ಕೈ ತಾಗಿದ ಕಡೆ ಅಂಟಾಗುತ್ತದೆ. ಹಾಗಾಗಿ ಅದರ ಮೇಲೆ ಪಿಯು (ಪಾಲಿಯುರೆಥೇನ್) ಕೋಟಿಂಗ್. ಕೋಆದಲ್ಲಿ ಸಣ್ಣ ಸಣ್ಣ ರಂಧ್ರ ಜಾಸ್ತಿ, ಅವನ್ನು ತುಂಬದೆ ಮೇಲೆ ಹೊಡೆದರೆ ಆಮೇಲೆ ಚುಕ್ಕಿ ಚುಕ್ಕಿ ಕುಸಿಯುತ್ತದೆ. ಇವರು ತಾಳ್ಮೆಯಿಂದ ತುಂಬಿ, ಉಜ್ಜಿ, ಮತ್ತೆ ತುಂಬಿದ್ದಾರೆ. ಕಿಟಕಿಯ ಪಕ್ಕ ಹಿಡಿದು ನೋಡಿದರೂ ಮುಖದಲ್ಲಿ ಒಂದು ಗುಂಡಿ ಕಾಣಲಿಲ್ಲ. ಬೆನ್ನಿನ ಹಲಸಿನಲ್ಲಿ ಮಾತ್ರ ಎರಡು ಕಡೆ ಹಳೆಯ ಮೊಳೆಯ ತೂತು ಮುಚ್ಚಿದ ಗುರುತು ಇದೆ. ಅದನ್ನು ಮರೆಮಾಡಬೇಡಿ ಎಂದು ನಾನೇ ಹೇಳಿದ್ದೆ.

ಮಳೆಗಾಲದಲ್ಲಿ ಹೇಗಿತ್ತು? ಇದನ್ನು ಓದಲಿಕ್ಕೇ ನೀವು ಇಷ್ಟು ದೂರ ಬಂದಿರುತ್ತೀರಿ. ಗಿಟಾರ್ ಕೊಡುವಾಗ 12ನೇ ಫ್ರೆಟ್ ಮೇಲೆ ದಪ್ಪ ತಂತಿಯ ಎತ್ತರ 1.6 ಮಿಲಿಮೀಟರ್ ಇತ್ತು. ಹತ್ತರ ಸೆಟ್ (ಅತಿ ತೆಳು ತಂತಿ 0.010 ಇಂಚು ದಪ್ಪ ಇರುವ ಸೆಟ್) ತಂತಿ ಹಾಕಿದರೆ ಆರೂ ಸೇರಿ ನೆಕ್ಕನ್ನು ಸುಮಾರು 45 ಕೆಜಿ ಬಲದಲ್ಲಿ ಎಳೆಯುತ್ತವೆ. ಆ ಎಳೆತ, ಮೇಲಿಂದ ಆಷಾಢದ ತೇವ. ಆಗಸ್ಟ್ ಕೊನೆಯಲ್ಲಿ ಅಳೆದಾಗ 1.7ಕ್ಕೆ ಸ್ವಲ್ಪ ಕಡಿಮೆ. ನೆಕ್ಕಿನ ಬಾಗು ಸರಿಮಾಡಲು ಒಳಗಿರುವ ಉಕ್ಕಿನ ಸರಳನ್ನು, ಅಂದರೆ ಟ್ರಸ್ ರಾಡನ್ನು, ನಾನು ಮುಟ್ಟಲೇ ಇಲ್ಲ. ನನ್ನ ಹಳೆಯ ಗಿಟಾರ್ ಅದೇ ಕೋಣೆಯಲ್ಲಿ, ಅದೇ ಗೋಡೆಗೆ ತೂಗಿತ್ತು. ಅದರ ತಂತಿ ಮೇಲೆದ್ದು ಒತ್ತಲಾರದ ಹಾಗಾಯಿತು, ರಾಡ್ ತಿರುಗಿಸಲೇಬೇಕಾಯಿತು. ಕೋಆ ಜೋಡಣೆಯ ಮೇಲೆ ಉಗುರು ಎಳೆದರೆ ಈಗಲೂ ತಡೆಯುವುದಿಲ್ಲ. ಚೌತಿಯ ಕಾರ್ಯಕ್ರಮದಲ್ಲಿ ತಗಡಿನ ಚಪ್ಪರದಡಿ, ಬದಿಯಿಂದ ಎರಚಲು ಹೊಡೆಯುತ್ತಿದ್ದಾಗಲೂ ಹಾಡಿನ ನಡುವೆ ಶ್ರುತಿ ಮಾಡುವ ಪ್ರಸಂಗ ಬರಲಿಲ್ಲ. ನನಗೆ ಬೇಕಾದ್ದು ಸಿಕ್ಕಿದೆ.

ನಾದದ ಬಗ್ಗೆ ನೇರವಾಗಿ ಹೇಳುತ್ತೇನೆ. ಕೋಆ ಮುಖದಿಂದ ಸದ್ದು ಬದಲಾಗುತ್ತದೆ ಎಂದು ನಾನು ನಂಬುವುದಿಲ್ಲ. ಟೊಳ್ಳು ಇರುವ ಅಕೌಸ್ಟಿಕ್ ಗಿಟಾರ್‌ನಲ್ಲಿ ಅದು ನಿಜ, ಅಲ್ಲಿ ಹಲಗೆಯೇ ಗಾಳಿ ಅಲುಗಿಸುತ್ತದೆ. ಗಟ್ಟಿ ಬಾಡಿಯ ಎಲೆಕ್ಟ್ರಿಕ್‌ನಲ್ಲಿ 6 ಮಿಲಿಮೀಟರ್ ಪದರದಿಂದ ಕೇಳಿಸುವಂಥ ವ್ಯತ್ಯಾಸ ಆಗುವುದು ಕಷ್ಟ. ನೆಕ್ ಬಾಡಿಗೆ ಕೂತ ಬಿಗಿ, ನಟ್, ಬ್ರಿಡ್ಜ್, ಫ್ರೆಟ್ ಸಮತಟ್ಟು, ಪಿಕಪ್, ಆಂಪ್ಲಿಫೈಯರ್ ಇವುಗಳದ್ದೇ ಮುಖ್ಯ ಕೆಲಸ. ಅವೆಲ್ಲ ಇಲ್ಲಿ ಸರಿಯಾಗಿವೆ, ಅದಕ್ಕೇ ಒಂದು ಸ್ವರ ಒತ್ತಿ ಹಿಡಿದರೆ ತುಂಬಾ ಹೊತ್ತು ನಿಲ್ಲುತ್ತದೆ. ಹಳೆಯ ಕನ್ನಡ ಚಿತ್ರಗೀತೆಗಳ ನಡುವೆ ಬರುವ ನಿಧಾನದ ಗಿಟಾರ್ ತುಣುಕುಗಳಿಗೆ ಆ ನಿಲುವು ಬೇಕೇ ಬೇಕು. ಕೋಆಗೆ ಹಾಕುವ ದುಡ್ಡು ಕಣ್ಣಿನ ಖುಷಿಗೆ. ಆ ಖುಷಿ ನನಗೆ ಬೇಕಿತ್ತು, ಕೊಟ್ಟೆ. ನಿಮಗೆ ಬೇಡ ಅಂದರೆ ಪೂರ್ತಿ ಹಲಸಿನ ಗಿಟಾರ್ ಮಾಡಿಸಿ, ನಾದದಲ್ಲಿ ಏನೂ ಕಳೆದುಕೊಳ್ಳುವುದಿಲ್ಲ.

ಬೇಸರದ ವಿಷಯಗಳೂ ಇವೆ. ತಡ. ಮಾತು ಕೊಟ್ಟ ಸಮಯಕ್ಕಿಂತ ತಿಂಗಳುಗಟ್ಟಲೆ ಆಚೆ ಹೋಯಿತು. ಮಳೆಗಾಲದಲ್ಲಿ ಅವರು ಪಾಲಿಶ್ ಮುಟ್ಟುವುದಿಲ್ಲ, ಅದು ಸರಿಯಾದ ನಿರ್ಧಾರವೇ. ಆದರೆ ಆ ಮಾತನ್ನು ಮುಂಗಡ ತೆಗೆದುಕೊಳ್ಳುವಾಗಲೇ ಹೇಳಬೇಕಿತ್ತು. ಫೋನ್ ಹಗಲಿಗೆ ಎತ್ತುವುದಿಲ್ಲ. ಕಾರವಾರದಿಂದ ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಹೋದ ಮೇಲೆ "ಇನ್ನೂ ಒಣಗಿಲ್ಲ, ಮುಂದಿನ ತಿಂಗಳು ಬನ್ನಿ" ಅನ್ನಿಸಿಕೊಂಡರೆ ಯಾರಿಗಾದರೂ ಬೇಜಾರಾಗುತ್ತದೆ. ಅಂಥ ಹೊತ್ತಿನಲ್ಲಿ ಅವರ ಹೆಂಡತಿ ಊಟ ಬಡಿಸದೆ ಕಳಿಸುವುದಿಲ್ಲ ಎನ್ನುವುದು ಬೇರೆ ಮಾತು.

ಗಿಟಾರ್ ತೂಕ 3.8 ಕೆಜಿ. ಮೂರು ತಾಸು ನಿಂತು ನುಡಿಸುವವರಿಗೆ ಇದು ಜಾಸ್ತಿಯೇ. ಹಲಸಿನ ಬಾಡಿಯೊಳಗೆ ಎರಡು ಟೊಳ್ಳು ತೆಗೆದಿದ್ದರೆ ಇಳಿಯುತ್ತಿತ್ತು. ಮಾಡಿಸುವವರು ಮೊದಲೇ ಕೇಳಿಕೊಳ್ಳಿ. ಪಟ್ಟಿ ಸಿಕ್ಕಿಸುವ ಗುಂಡಿ ನೆಕ್ ಕಡೆಗೆ ಇನ್ನೂ ಸ್ವಲ್ಪ ಮುಂದೆ ಇರಬೇಕಿತ್ತು, ಕೈ ಬಿಟ್ಟರೆ ತಲೆಭಾಗ ಕೆಳಗೆ ವಾಲುತ್ತದೆ. ಅಗಲದ ಚರ್ಮದ ಪಟ್ಟಿ ಹಾಕಿದ ಮೇಲೆ ಈ ತೊಂದರೆ ಬಹುಪಾಲು ಹೋಯಿತು. ಹಿಂದಿನ ಪಿಕಪ್ ಗುಂಡಿಯ ಅಂಚಿನಲ್ಲಿ ಒಂದು ಸಣ್ಣ ಚಕ್ಕೆ ಎದ್ದಿದೆ, ಪಿಕಪ್ ರಿಂಗಿನ ಕೆಳಗೆ ಅಡಗಿದೆ. ಬಿಚ್ಚಿ ನೋಡಿದಾಗ ಕಂಡಿತು. ಅಷ್ಟು ಚೊಕ್ಕ ಕೆಲಸದ ನಡುವೆ ಅದು ಕಣ್ಣಿಗೆ ಚುಚ್ಚಿತು, ಅವರಿಗೂ ಹೇಳಿದೆ.

ಒಟ್ಟು ಖರ್ಚು 1,35,000 ರೂಪಾಯಿ. ಅದರಲ್ಲಿ ಕೋಆ ಜೋಡಿ ಹಲಗೆಗೆ ತೆರಿಗೆ, ಸಾಗಣೆ ಸೇರಿ 28,000. ಪಿಕಪ್, ಬ್ರಿಡ್ಜ್, ಟ್ಯೂನರ್, ವೈರಿಂಗ್‌ಗೆ 42,000. ಉಳಿದದ್ದು ಬೇರೆ ಮರ ಮತ್ತು ಕೂಲಿ. ಹೊರದೇಶದ ದೊಡ್ಡ ಕಂಪನಿಯ ಕೋಆ ಮುಖದ ಗಿಟಾರ್ ಇಲ್ಲಿಗೆ ಬಂದು ತಲುಪುವಾಗ ಇದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಆದರೂ ಕಲಿಯುವವರಿಗೆ ಇದು ಬೇಡ. ವರ್ಷಕ್ಕೆ ನಾಲ್ಕು ಸಲ ಗಿಟಾರ್ ಹೊರತೆಗೆಯುವವರಿಗೂ ಬೇಡ. ವಾರ ವಾರ ನುಡಿಸುವವರಿಗೆ, ಕಡಲ ದಂಡೆಯಲ್ಲೇ ಇರುವವರಿಗೆ, ಕಾಯುವ ತಾಳ್ಮೆ ಇರುವವರಿಗೆ ಖಂಡಿತ ಹೋಗಿ ಎನ್ನುತ್ತೇನೆ. ಅಳತೆ, ಮರ, ಫ್ರೆಟ್, ಪಿಕಪ್, ಗಡುವು ಎಲ್ಲ ಒಂದು ಕಾಗದದಲ್ಲಿ ಬರೆಸಿ ಇಬ್ಬರೂ ಸಹಿ ಮಾಡಿ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹೋಗುವುದಾದರೆ ನವೆಂಬರ್‌ನಲ್ಲಿ ಮಾತಾಡಿ. ಆಗ ಹಲಗೆ ಒಣಗಲು ಬೇಸಿಗೆ ಸಿಗುತ್ತದೆ. ಮಾರಿಕಾಂಬಾ ಜಾತ್ರೆ ಇರುವ ವರ್ಷ ಜಾತ್ರೆಯ ವಾರದಲ್ಲಿ ಹೋಗಬೇಡಿ, ಶಿರಸಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆಚಾರ್ರೂ ಶೆಡ್ಡಿನಲ್ಲಿ ಇರುವುದಿಲ್ಲ. ಗಿಟಾರ್ ಜೊತೆ ಅವರು ಕೊಡುವ ಬಟ್ಟೆಯ ಚೀಲ ಪ್ರಯೋಜನ ಇಲ್ಲ, ಗಟ್ಟಿ ಪೆಟ್ಟಿಗೆ ಬೇರೆ ಕೊಳ್ಳಬೇಕು. ಮೊದಲ ಮಳೆಗಾಲ ಕಳೆದ ಮೇಲೆ ಒಂದು ಸಲ ಉಚಿತವಾಗಿ ನೋಡಿಕೊಡುತ್ತೇನೆ ಎಂದಿದ್ದರು, ಕಳೆದ ವಾರ ತೆಗೆದುಕೊಂಡು ಹೋಗಿದ್ದೆ. ಬೀಟೆಗೆ ಎಣ್ಣೆ ಒರೆಸಿ, ನಟ್‌ನಲ್ಲಿ ತಂತಿ ಕೂರುವ ಒಂದು ಕಚ್ಚನ್ನು ಅರದಲ್ಲಿ ಎರಡು ಸಲ ಎಳೆದು, ಅಳತೆ ತೆಗೆದು ಅದೇ ಹಳೆಯ ಹಾಳೆಯಲ್ಲಿ ಕೆಳಗೆ ಬರೆದುಕೊಂಡರು. ದುಡ್ಡು ಕೇಳಲಿಲ್ಲ. ಪಟ್ಟಿಯ ಗುಂಡಿಯನ್ನು ಮುಂದಿನ ಸಲ ಬಂದಾಗ ಮುಂದಕ್ಕೆ ಸರಿಸಿಕೊಡುತ್ತೇನೆ ಎಂದಿದ್ದಾರೆ.